ಟ್ರಂಕಿನ ಮುಚ್ಚಳದಲ್ಲಿ ಜತ್ತಿ

ಆಯನೂರಿನ ಹತ್ತಿರದ ಹಳೇ ಮನೆಯೊಂದರ ಅಟ್ಟದಿಂದ ಇಳಿಸಿದ ಆ ತಗಡಿನ ಟ್ರಂಕು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾನು ಹೋಗಿದ್ದು ಗೇಣಿ ಕಾಗದ ನೋಡಲಿಕ್ಕೆ. ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ. ಡಿಕ್ಲರೇಷನ್ ಕೊಟ್ಟು ಅವರಪ್ಪ ಗದ್ದೆ ಉಳಿಸಿಕೊಂಡ ಭೂ ನ್ಯಾಯಮಂಡಳಿಯ ಆದೇಶವನ್ನು ಅವರು ಮಡಿಕೆ ಬಿಡಿಸುತ್ತಿದ್ದರೆ, ನನ್ನ ಕಣ್ಣು ಮುಚ್ಚಳದ ಒಳಮೈಗೆ ಹೋಯಿತು. ತುಕ್ಕು ಹಿಡಿಯದಿರಲೆಂದು ಅಂಟಿಸಿದ ಕನ್ನಡ ಪತ್ರಿಕೆಯ ಹಾಳೆ. 1977ರ ಮಾರ್ಚ್ 25. ಮೊರಾರ್ಜಿ ದೇಸಾಯಿ ಪ್ರಮಾಣವಚನ ಸ್ವೀಕರಿಸುತ್ತಿದ್ದಾರೆ, ಬೋಧಿಸುತ್ತಿರುವವರು ಬಿ.ಡಿ. ಜತ್ತಿ.

"ಹರೀಬೇಡಿ ಮಾರಾಯ್ರೆ, ಅಪ್ಪಯ್ಯ ಅಂಟಿಸಿದ್ದು" ಎಂದರು ಯಜಮಾನರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಮೊರಾರ್ಜಿ ಗೊತ್ತು. ಇವ್ರು ಯಾರು?"

ಮುಚ್ಚಳದಲ್ಲಿದ್ದ ಮನುಷ್ಯನಿಗೂ ಟ್ರಂಕಿನೊಳಗಿದ್ದ ಕಾಗದಕ್ಕೂ ನಂಟಿದೆ ಎಂಬುದು ನನಗೆ ಹೊಳೆದದ್ದು ಆಗಲೇ.

ಜಮಖಂಡಿಯ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಜತ್ತಿ ವಕೀಲಿಯಿಂದ ಸಂಸ್ಥಾನದ ರಾಜಕೀಯಕ್ಕೆ, ಅಲ್ಲಿಂದ ಮುಂಬಯಿ ಸರ್ಕಾರಕ್ಕೆ ಬಂದವರು. ಏಕೀಕರಣದ ನಂತರ ಗೇಣಿ ಕಾನೂನುಗಳನ್ನು ಒಂದುಗೂಡಿಸುವ ಸಮಿತಿಗೆ ಅವರೇ ಅಧ್ಯಕ್ಷರು. 1958ರಿಂದ 1962ರವರೆಗೆ ಮುಖ್ಯಮಂತ್ರಿ. ಮೈಸೂರು ಭೂಸುಧಾರಣಾ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1965ರಲ್ಲಿ. ಆಯನೂರಿನ ಇದೇ ರಸ್ತೆಯಲ್ಲಿ ಮುಂದೆ ಸಾಗರದ ಬಳಿಯ ಕಾಗೋಡಿನ ಗೇಣಿದಾರರು 1951ರಲ್ಲೇ ಗೇಣಿ ಅಳೆಯುವ ಕೊಳಗದ ಅಳತೆಗಾಗಿ ಜೈಲು ಕಂಡಿದ್ದರು. ಅವರ ಹಸಿವಿನ ಮುಂದೆ ಆ ಕಾಯ್ದೆ ತೀರಾ ಮೆತ್ತಗಿತ್ತು ಎಂದೇ ನನ್ನ ಅನಿಸಿಕೆ. ಸ್ವಂತ ಸಾಗುವಳಿಗೆಂದು ಜಮೀನು ಹಿಂಪಡೆಯಲು ಒಡೆಯರಿಗೆ ಅದರಲ್ಲಿ ದಾರಿಯಿತ್ತು. ಅದನ್ನು ಮುಚ್ಚಿದ್ದು 1974ರ ದೇವರಾಜ ಅರಸು ಸರ್ಕಾರದ ತಿದ್ದುಪಡಿ. ಆದರೂ ಅರಸು ತಿದ್ದಲು ಒಂದು ಕಾಯ್ದೆ ಇತ್ತಲ್ಲ, ಅದು ಜತ್ತಿ ಕಾಲದ್ದು.

ಪಾಂಡಿಚೇರಿ, ಒಡಿಶಾ ರಾಜಭವನಗಳ ನಂತರ 1974ರಲ್ಲಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿ. ಜುಲೈ 25ರವರೆಗೆ, ಐದೂವರೆ ತಿಂಗಳು.

ನನ್ನನ್ನು ಹಿಡಿದು ನಿಲ್ಲಿಸುವುದು ಅದರೊಳಗಿನ ಒಂದು ವಾರ. ತುರ್ತುಪರಿಸ್ಥಿತಿ ಹೇರಿದ ಸಹಿ ಎಲ್ಲರಿಗೂ ಗೊತ್ತು. ಸ್ನಾನದ ತೊಟ್ಟಿಯಲ್ಲಿ ಕೂತೇ ರಾಷ್ಟ್ರಪತಿ ಸಹಿ ಹಾಕಿ ಕೊಡುವ ಅಬು ಅಬ್ರಹಾಂ ವ್ಯಂಗ್ಯಚಿತ್ರ ಅದನ್ನು ಮರೆಯಲು ಬಿಟ್ಟಿಲ್ಲ. ಆ ತುರ್ತುಪರಿಸ್ಥಿತಿಯನ್ನು ತೆಗೆದ ಸಹಿ ಯಾರದು? ಮಾರ್ಚ್ 21ರಂದು, ಸೋತ ಇಂದಿರಾ ಸಂಪುಟದ್ದೇ ಸಲಹೆಯ ಮೇಲೆ, ಜತ್ತಿಯವರದು. ಇನ್ನೂ ಒಂದು ಸಂಗತಿಯಿದೆ. 1971ರ ಯುದ್ಧದ ಹೊತ್ತಿಗೆ ಘೋಷಿಸಿದ್ದ ತುರ್ತುಪರಿಸ್ಥಿತಿ ರದ್ದಾಗದೆ ಹಾಗೇ ಉಳಿದಿತ್ತು. ದೇಶ ಎರಡು ತುರ್ತುಪರಿಸ್ಥಿತಿಗಳ ಕೆಳಗೆ ಬದುಕುತ್ತಿತ್ತು! ಆ ಹಳೆಯದನ್ನೂ ಮಾರ್ಚ್ 27ರಂದು, ಈ ಸಲ ಮೊರಾರ್ಜಿ ಸಂಪುಟ ಹೇಳಿದಂತೆ, ಅವರೇ ರದ್ದು ಮಾಡಿದರು. ಆರು ದಿನ, ಎರಡು ಸರ್ಕಾರ, ಒಂದೇ ಕೈ.

ಏಪ್ರಿಲ್‌ನಲ್ಲಿ ಆ ಕೈ ತಡೆಯಿತು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತಕ್ಕೆ ಅವರು ತಕ್ಷಣ ಸಹಿ ಹಾಕಲಿಲ್ಲ, 30ರಂದು ಹಾಕಿದರು. ಪಕ್ಷನಿಷ್ಠೆ ಎಂದು ಆಗ ಬೈದವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಸಂಪುಟದ ಸಲಹೆಯಂತೆಯೇ ನಡೆಯಬೇಕೆಂದು 42ನೇ ತಿದ್ದುಪಡಿ ಅವರ ಕೈ ಕಟ್ಟಿಹಾಕಿತ್ತು. ಇನ್ನೊಮ್ಮೆ ಯೋಚಿಸಿ ಎಂದು ಕಡತ ವಾಪಸು ಕಳಿಸುವ ಹಕ್ಕು ರಾಷ್ಟ್ರಪತಿಗೆ ಸಿಕ್ಕಿದ್ದು ಆಮೇಲೆ, 44ನೇ ತಿದ್ದುಪಡಿಯಲ್ಲಿ. ಇಲ್ಲದ ಹಕ್ಕನ್ನು ಜತ್ತಿ ತಡಮಾಡಿ ಬಳಸಿದರು. ರಬ್ಬರ್ ಸ್ಟಾಂಪ್ ಎಂದು ಅವರನ್ನು ತಳ್ಳಿಹಾಕುವವರು ಈ ತಡವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಧಿಕಾರ ಮುಗಿದ ಮೇಲೆ, 1964ರಲ್ಲಿ ತಾವೇ ಕಟ್ಟಿದ ಬಸವ ಸಮಿತಿಯ ಕೆಲಸಕ್ಕೇ ಮರಳಿದ ಅವರು 2002ರ ಜೂನ್ 7ರಂದು ತೀರಿಕೊಂಡರು.

ಇಷ್ಟನ್ನೂ ಜಗುಲಿಯಲ್ಲಿ ಕೂತು ಹೇಳಿದೆ. ಯಜಮಾನರು ಒಮ್ಮೆ ಆದೇಶ ನೋಡಿದರು, ಒಮ್ಮೆ ಮುಚ್ಚಳ. "ಹಂಗಾರೆ ಹೆಸರು ಬರ್ದುಕೊಡಿ, ಮೊಮ್ಮಕ್ಕಳು ಕೇಳ್ತಾರೆ" ಎಂದು ಪೆನ್ಸಿಲ್ ತಂದರು. ಹಾಳೆಯ ಅಂಚಿನಲ್ಲಿ, ಚಿತ್ರದ ಕೆಳಗೆ, ಹರಿಯದಂತೆ ಮೆಲ್ಲಗೆ ಬರೆದೆ: ಬಸಪ್ಪ ದಾನಪ್ಪ ಜತ್ತಿ, ಸಾವಳಗಿ.