ರಿಜಿಸ್ಟ್ರಿಯ ತಂಟೆ ಯಾಕೆ?

ಮನೆಯ ಕಂಪ್ಯೂಟರ್ ಆಮೆನಡಿಗೆಗೆ ಇಳಿದಾಗ ಪರದೆಯ ಮೇಲೊಂದು ಜಾಹೀರಾತು ಹೆದರಿಸುತ್ತದೆ: ನಿಮ್ಮ ರಿಜಿಸ್ಟ್ರಿಯಲ್ಲಿ ನೂರಾರು ದೋಷಗಳಿವೆ, ಈಗಲೇ ಶುಚಿಗೊಳಿಸಿ! ದೋಷ ತೋರಿಸುವುದು ಉಚಿತ, ಸರಿಪಡಿಸುವುದಕ್ಕೆ ಸಾಮಾನ್ಯವಾಗಿ ದುಡ್ಡು.

ವಿಂಡೋಸ್ ತನ್ನ ಹಾಗೂ ತಂತ್ರಾಂಶಗಳ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ದತ್ತಸಂಚಯವೇ ರಿಜಿಸ್ಟ್ರಿ. ವಿಂಡೋಸ್ 95ರಿಂದೀಚೆಗೆ ಇಡೀ ವ್ಯವಸ್ಥೆ ಅದನ್ನೇ ನೆಚ್ಚಿದೆ. ತೆಗೆದುಹಾಕಿದ ತಂತ್ರಾಂಶಗಳ ಪಳೆಯುಳಿಕೆ ಅಲ್ಲಿ ಉಳಿಯುವುದು ನಿಜ. ಆದರೆ ಲಕ್ಷಗಟ್ಟಲೆ ನಮೂದುಗಳ ನಡುವೆ ಅವು ಲೆಕ್ಕಕ್ಕಿಲ್ಲ. ವಿಂಡೋಸ್ ಬೇಕಾದ ನಮೂದಿಗೆ ನೇರವಾಗಿ ಹೋಗುತ್ತದೆಯೇ ಹೊರತು ಎಲ್ಲವನ್ನೂ ಓದುತ್ತ ಕೂರುವುದಿಲ್ಲ. ಶುಚಿಗೊಳಿಸುವ ಭರದಲ್ಲಿ ಅಳಿಸಬಾರದ್ದನ್ನು ಅಳಿಸಿದರೋ, ಪ್ರಿಂಟರ್ ಮುನಿಸಿಕೊಳ್ಳಬಹುದು, ವಿಂಡೋಸ್ ತೆರೆದುಕೊಳ್ಳದೆಯೂ ಹೋಗಬಹುದು.

ರಿಜಿಸ್ಟ್ರಿ ಶುಚಿಗೊಳಿಸುವ ಇಂಥ ತಂತ್ರಾಂಶಗಳ ಬಳಕೆಯನ್ನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ಒಂದು ಕಾಲಕ್ಕೆ ಅದೇ ಕಂಪನಿ ರೆಗ್‌ಕ್ಲೀನ್ ಎಂಬ ಇಂಥದ್ದೇ ತಂತ್ರಾಂಶವನ್ನು ಹಂಚಿ, ಆಮೇಲೆ ಕೈಬಿಟ್ಟಿತ್ತು ಎಂಬುದು ಸ್ವಾರಸ್ಯ.

ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ: 2017ರಲ್ಲಿ, ರಿಜಿಸ್ಟ್ರಿಯನ್ನೂ ಶುಚಿಗೊಳಿಸುವ ಜನಪ್ರಿಯ ತಂತ್ರಾಂಶ ಸಿಕ್ಲೀನರ್‌ನ ಅಧಿಕೃತ ಆವೃತ್ತಿಯೊಳಗೇ ಹ್ಯಾಕರ್‌ಗಳು ಕುತಂತ್ರಾಂಶ ತೂರಿಸಿದ್ದರು. ಅದು ಸುಮಾರು 22 ಲಕ್ಷ ಕಂಪ್ಯೂಟರ್‌ಗಳನ್ನು ತಲುಪಿತ್ತು.

ವೇಗ ಬೇಕಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಪಟ್ಟಿಯನ್ನು ಮೊಟಕುಗೊಳಿಸಿ, ಬಳಸದ ತಂತ್ರಾಂಶ ತೆಗೆಯಿರಿ, ಹಳೆಯ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ. ಕ್ಲೀನರ್‌ಗೆ ಕೊಡುವ ದುಡ್ಡನ್ನು ಅದಕ್ಕೇ ಎತ್ತಿಡಿ.