ಬಿದ್ದ ಕೈಗೆ ಯಂತ್ರದ ಆಸರೆ: ಹೊಲ ಮಾರುವ ಮುನ್ನ ಎರಡು ಮಾತು

ಎತ್ತು ಕುಂಟಾದರೆ ಸಂತೆಯಲ್ಲಿ ಇನ್ನೊಂದು ಸಿಕ್ಕೀತು. ನೇಗಿಲು ಮುರಿದರೆ ಬಡಗಿಯ ಮನೆ ಇದ್ದೇ ಇದೆ. ದುಡಿಯುವ ಕೈಯೇ ಬಿದ್ದುಹೋದರೆ ಒಕ್ಕಲ ಮನೆ ಏನು ಮಾಡಬೇಕು? ನಾವು ಲಕ್ವವೆಂದೂ ನೆರೆಯ ತೆಲುಗು ಬಂಧುಗಳು ಪಕ್ಷವಾತವೆಂದೂ ಕರೆಯುವ ಬೇನೆ ರೊದ್ದಂ ಸುತ್ತಿನ ಹಳ್ಳಿಗಳಿಗೆ ಹೊಸದಲ್ಲ. ಅನೇಕರ ಕಾಲು ಕೆಲವು ತಿಂಗಳಲ್ಲಿ ಕೋಲೂರಿ ನಡೆಯುವಷ್ಟಕ್ಕೆ ಬರುತ್ತದೆ. ಕೈ ಮಾತ್ರ ಮುದುಡಿ ಎದೆಗೊರಗಿಯೇ ಉಳಿಯುತ್ತದೆ. ಕಡಲೆಕಾಯಿ ಬಿಡಿಸುವುದಕ್ಕೂ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಕ್ಕೂ ಬೇಕಾದದ್ದು ಆ ಕೈಯೇ.

ಈಚೆಗೆ ತರುಣನೊಬ್ಬನು ಬಂದು, “ಮೇಷ್ಟ್ರೇ, ಪಟ್ಟಣದಲ್ಲಿ ರೋಬೋ ಚಿಕಿತ್ಸೆ ಕೊಡ್ತಾರಂತೆ. ಅಪ್ಪನ ಕೈ ಸರಿಹೋಗುತ್ತೆ ಅಂದ್ರೆ ಎರಡೆಕರೆ ಮಾರೋಕೂ ಸಿದ್ಧ” ಎಂದನು. ಹೊಲ ಮಾರುವ ಮಾತು ಬಂದುದರಿಂದ ಈ ವಿಷಯ ನಮ್ಮ ಕೃಷಿಪುಟಕ್ಕೂ ಸಲ್ಲುತ್ತದೆಂದು ಭಾವಿಸಿ, ವಾಚಕರ ಮುಂದಿಡುತ್ತಿದ್ದೇವೆ.

ಬೇನೆಯ ಮೂಲ

ಕೈ ಬಿದ್ದರೂ ಬೇನೆಯ ಮೂಲ ಮೆದುಳಿನಲ್ಲಿದೆ. ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಇಲ್ಲವೆ ಒಡೆದರೆ ಆ ಭಾಗ ಹಾಳಾಗುತ್ತದೆ. ಎಡ ಮೆದುಳಿಗೆ ಪೆಟ್ಟಾದರೆ ಬಲಗೈ, ಬಲ ಮೆದುಳಿಗಾದರೆ ಎಡಗೈ ಬೀಳುತ್ತದೆ. ತೋಳಿನ ಸ್ನಾಯು ಇದ್ದಲ್ಲೇ ಇರುತ್ತದೆ. ಅದಕ್ಕೆ ಅಪ್ಪಣೆ ಬರುವ ದಾರಿ ಮುಚ್ಚಿರುತ್ತದೆ. ಪಾರಿವಾಳದ ರಕ್ತ ಹಚ್ಚಿದರೆ ಏಕೆ ಗುಣವಾಗದೆಂಬುದು ಇದರಿಂದಲೇ ತಿಳಿದೀತು.

ಆದರೆ ನಿರಾಶೆಗೆ ಕಾರಣವಿಲ್ಲ. ದೊಡ್ಡ ಕಾಲುವೆ ಹೂಳಿದರೆ ನಾವು ಬದಿಯಲ್ಲಿ ಸಣ್ಣ ಕಾಲುವೆ ತೋಡುವುದಿಲ್ಲವೆ? ನೀರು ಹರಿದಷ್ಟೂ ಅದು ಆಳವಾಗುತ್ತದೆ. ಮೆದುಳಿನ ಉಳಿದ ಭಾಗವೂ ಹಾಗೆಯೇ, ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಿದರೆ ಹೊಸ ದಾರಿ ಕಲಿಯುತ್ತದೆ. ಮೊದಲ ಮೂರು ತಿಂಗಳು ಇದಕ್ಕೆ ಹದವಾದ ಕಾಲ. ಆಮೇಲೆಯೂ ಕಲಿಕೆ ಪೂರ್ತಿ ನಿಲ್ಲುವುದಿಲ್ಲ.

ಯಂತ್ರ ಮಾಡುವ ಕೆಲಸ

ರೋಬೋ ಎಂದೊಡನೆ ಕಣ್ಣು ಮೂಗುಳ್ಳ ಯಂತ್ರಮಾನವನನ್ನು ನೆನೆಯುವುದು ಬೇಡ. ಮೇಜಿನ ಮೇಲೊಂದು ಮೋಟಾರು, ಅದಕ್ಕೊಂದು ಹಿಡಿ, ಎದುರಿಗೊಂದು ಪರದೆ ಇದ್ದರೆ ಅದೇ ರೋಬೋ. ರೋಗಿಯು ಹಿಡಿಯನ್ನು ಹಿಡಿದು, ಪರದೆಯ ಮೇಲಿನ ಆಟಕ್ಕೆ ತಕ್ಕಂತೆ ಕೈ ಆಡಿಸಲು ಯತ್ನಿಸುತ್ತಾನೆ. ಅವನಿಗೆ ಸಾಧ್ಯವಾಗದಷ್ಟು ಭಾಗವನ್ನು ಯಂತ್ರ ತಾನು ನಡೆಸಿಕೊಡುತ್ತದೆ. ಮಗುವಿಗೆ ಅಕ್ಷರ ತಿದ್ದಿಸುವಾಗ ಉಪಾಧ್ಯಾಯರು ಮೊದಲು ಕೈ ಹಿಡಿದು, ಬರಬರುತ್ತಾ ಹಿಡಿತ ಸಡಿಲಿಸುವರಷ್ಟೆ. ಪೂರ್ತಿ ತಾವೇ ಬರೆದರೆ ಮಗು ಕಲಿಯುವುದೇನು? ಯಂತ್ರಕ್ಕೂ ಇದೇ ನಿಯಮ.

ಇಂತಹ ಮೊದಲ ಯಂತ್ರಗಳಲ್ಲೊಂದನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ನೆವಿಲ್ ಹೋಗನ್ ಮತ್ತು ಸಂಗಡಿಗರು ೧೯೯೦ರ ದಶಕದ ಆರಂಭದಲ್ಲಿ ಸಿದ್ಧಪಡಿಸಿದರು. ನಮ್ಮ ನೆರೆಯಲ್ಲಿಯೇ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಮದ್ರಾಸಿನ ಐ.ಐ.ಟಿ.ಯವರು ಸೇರಿ ‘ಪ್ಲೂಟೋ’ ಎಂಬ ಸಣ್ಣ ಯಂತ್ರವನ್ನು ಮಾಡಿದ್ದಾರೆ. ಇದರ ವಿವರ ೨೦೨೧ರಲ್ಲಿ ಪ್ರಕಟವಾಯಿತು. ಒಂದೇ ಮೋಟಾರಿಗೆ ಬೇರೆ ಬೇರೆ ಹಿಡಿಗಳನ್ನು ಸಿಕ್ಕಿಸಿ ಮಣಿಕಟ್ಟನ್ನು ಮಡಿಸುವುದು, ಪಕ್ಕಕ್ಕೆ ಬಾಗಿಸುವುದು, ಮುಂಗೈ ತಿರುವುವುದು, ಮುಷ್ಟಿ ಬಿಚ್ಚಿ ಮುಚ್ಚುವುದು ಈ ನಾಲ್ಕನ್ನೂ ಅಭ್ಯಾಸ ಮಾಡಿಸಬಹುದು.

ಪರೀಕ್ಷೆಯಲ್ಲಿ ಕಂಡದ್ದು

ಹೊಸ ಬೀಜ ಬಂದಾಗ ರೈತನು ಮೊದಲು ಒಂದು ಮಡಿಯಲ್ಲಿ ಬಿತ್ತಿ ನೋಡುವಂತೆ, ವೈದ್ಯರೂ ಯಂತ್ರವನ್ನು ಪರೀಕ್ಷಿಸಿದ್ದಾರೆ. ೨೦೧೦ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಲಕ್ವ ಹೊಡೆದು ಆರು ತಿಂಗಳು ಕಳೆದಿದ್ದ ೧೨೭ ಮಂದಿ ಇದ್ದರು. ರೋಬೋ ಒಂದು ಸರದಿಗೆ ಸುಮಾರು ಸಾವಿರ ಸಲ ಕೈ ಆಡಿಸಿತು. ಅಷ್ಟೇ ಗಟ್ಟಿಯಾದ ಅಭ್ಯಾಸವನ್ನು ಮನುಷ್ಯರೇ ಮಾಡಿಸಿದ ಗುಂಪಿನವರಿಗಿಂತ ರೋಬೋ ಗುಂಪಿನವರು ಮುಂದೆ ಹೋಗಲಿಲ್ಲ. ಹಾಗಾದರೆ ಸಾಮಾನ್ಯ ಚಿಕಿತ್ಸೆಯಲ್ಲಿ ಎಷ್ಟು ಅಭ್ಯಾಸ ಆಗುತ್ತದೆ? ಅಮೆರಿಕ, ಕೆನಡಾಗಳಲ್ಲಿ ಎಣಿಸಿ ೨೦೦೯ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕೆಲಸಕ್ಕೆ ಬರುವ ಚಲನೆ ಒಂದು ಸರದಿಗೆ ಸರಾಸರಿ ೩೨ ಸಲ ಮಾತ್ರ!

೨೦೧೯ರಲ್ಲಿ ಬ್ರಿಟನ್ನಿನಲ್ಲಿ ೭೭೦ ಮಂದಿಯ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ ಪ್ರಕಟವಾಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ೪೫ ನಿಮಿಷ, ೧೨ ವಾರ ರೋಬೋ ಅಭ್ಯಾಸವಾಯಿತು. ಕೈಯ ಚಲನೆ ಕೊಂಚ ಸುಧಾರಿಸಿತು. ಆದರೆ ಕೈಯಿಂದ ಕೆಲಸ ಮಾಡುವ ಶಕ್ತಿಯಲ್ಲಿ ಅವರು ಸಾಮಾನ್ಯ ಚಿಕಿತ್ಸೆ ಪಡೆದವರನ್ನು ಮೀರಲಿಲ್ಲ.

ಇವೆಲ್ಲದರ ಸಾರವಿಷ್ಟು: ಗುಣ ಕೊಡುವುದು ಎಣಿಕೆ, ಯಂತ್ರವು ಎಣಿಕೆಗೆ ದಣಿಯದ ಆಳು. ಆಸ್ಪತ್ರೆಯಲ್ಲಿ ಕೈಗೆಟುಕುವ ವೆಚ್ಚಕ್ಕೆ ಸಿಕ್ಕಿದರೆ ಧಾರಾಳವಾಗಿ ಬಳಸಿಕೊಳ್ಳಿ. ಅದಕ್ಕಾಗಿ ಹೊಲ ಮಾರಬೇಡಿ. ಆ ತರುಣನಿಗೂ ಇದನ್ನೇ ಹೇಳಿದೆವು.

ಮನೆಯಲ್ಲಿ ಮಾಡತಕ್ಕದ್ದು

ಮೊದಲು ಫಿಸಿಯೋಥೆರಪಿ ಎಂಬ ವ್ಯಾಯಾಮ ಚಿಕಿತ್ಸೆ ಬಲ್ಲವರಿಗೆ ಕೈ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ; ಹಿಂದೂಪುರದಿಂದ ಬೆಂಗಳೂರಿಗೆ ರೈಲು ಉಂಟು. ಮನೆಯವರೇ ಎಲ್ಲವನ್ನೂ ಮಾಡಿಕೊಂಡಾರೆಂದು ಬಿಡುವುದು ಸಾಲದು. ನಮ್ಮ ದೇಶದ ೧೪ ಆಸ್ಪತ್ರೆಗಳಲ್ಲಿ ೧,೨೫೦ ರೋಗಿಗಳ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮನೆಯವರಿಗೆ ತರಬೇತಿ ಕೊಟ್ಟುದರಿಂದ ಸಾವಾಗಲಿ ಪರಾವಲಂಬನೆಯಾಗಲಿ ಕಡಮೆಯಾಗಲಿಲ್ಲ. ಆದುದರಿಂದ ಬಲ್ಲವರ ಕಣ್ಣು ಆಗಾಗ್ಗೆ ಬೀಳುತ್ತಿರಬೇಕು.

ಅವರು ತೋರಿಸಿದುದನ್ನು ಮನೆಯ ಕೆಲಸಕ್ಕೆ ಹೊಂದಿಸಿಕೊಳ್ಳಿ. ಬೆರಳು ಸ್ವಲ್ಪ ಆಡುತ್ತಿದ್ದರೆ ಒಂದು ಬಟ್ಟಲಿನ ಕಡಲೆಕಾಯಿಯನ್ನು ಒಂದೊಂದಾಗಿ ಇನ್ನೊಂದಕ್ಕೆ ಹಾಕಿಸಿ. ಬೆರಳು ಆಡದಿದ್ದರೆ, ಎರಡೂ ಕೈ ಜೋಡಿಸಿ ಹಲಗೆಯ ಮೇಲೆ ಟವೆಲನ್ನು ಹಿಂದಕ್ಕೂ ಮುಂದಕ್ಕೂ ಸರಿಸಲಿ. ಚೆಂಬು ಹಿಡಿಯುವುದು, ಬಾಗಿಲ ಚಿಲಕ ತೆಗೆಯುವುದು ಎಲ್ಲವೂ ಪಾಠವೇ. ಲೆಕ್ಕಕ್ಕೆ ಹುಣಿಸೆಬೀಜ ಇಡಿ. ಶಾಲೆಗೆ ಹೋಗುವ ಮೊಮ್ಮಗಳು ದಿನದ ಎಣಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಈ ವಾರ ೩೦ ಆದರೆ ಮುಂದಿನ ವಾರ ೪೦ ಆಗಲಿ.

ಮಾಡಬಾರದವೂ ಉಂಟು. ಬಿದ್ದ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬೇಡಿ; ಭುಜದ ಕೀಲು ಜಾರೀತು. ಕುಳಿತಾಗ ತೋಳಿನ ಕೆಳಗೆ ದಿಂಬಿಡಿ. ಸ್ಪರ್ಶಜ್ಞಾನ ಕಡಮೆಯಿರುವ ಕೈಗೆ ಬಿಸಿ ಶಾಖ ಕೊಟ್ಟರೆ ಸುಟ್ಟದ್ದೂ ತಿಳಿಯದು. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಕಡೆಯದಾಗಿ, ಎಲ್ಲರೂ ನೆನಪಿಡತಕ್ಕ ಮಾತು. ಬಾಯಿ ಸೊಟ್ಟಗಾದರೆ, ಒಂದು ಕೈ ಇದ್ದಕ್ಕಿದ್ದಂತೆ ಸೋತರೆ, ಮಾತು ತೊದಲಿದರೆ, ಬೆಳಗಾಗಲೆಂದು ಕಾಯದೆ ೧೦೮ಕ್ಕೆ ಫೋನ್ ಮಾಡಿ. ಬೇನೆ ಶುರುವಾದ ಹೊತ್ತನ್ನು ಗುರುತಿಟ್ಟುಕೊಳ್ಳಿ. ರಕ್ತನಾಳ ಕಟ್ಟಿಕೊಂಡಿದ್ದರೆ, ಸ್ಕ್ಯಾನ್ ಮಾಡಿ ನೋಡಿ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ನಾಲ್ಕೂವರೆ ಗಂಟೆಯಲ್ಲಿ ಉಳಿದ ಕೈಗೆ ರೋಬೋ ಬೇಕಾಗುವುದೇ ಇಲ್ಲ.