ಸೇವೆಯೂ ಸಂಬಳವೂ: ದೈವಶಾಸ್ತ್ರ ವಿದ್ಯಾರ್ಥಿಯ ಶುಲ್ಕದ ಪ್ರಶ್ನೆ

ಎಲೀಷನ ಕಾಲದಲ್ಲಿ ಪ್ರವಾದಿಮಂಡಲಿಗೆ ಸೇರಿದ ಒಬ್ಬನು ಸಾಲ ತೀರಿಸದೆ ಸತ್ತನು. ಸಾಲ ಕೊಟ್ಟವನು ಅವನ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯಲು ಬಂದನೆಂದು ಅರಸುಗಳು ಎರಡನೆಯ ಭಾಗದ ನಾಲ್ಕನೆಯ ಅಧ್ಯಾಯವು ತಿಳಿಸುತ್ತದೆ. ಎಣ್ಣೆಯ ಅದ್ಭುತವನ್ನು ಕುರಿತು ನಾವು ಅನೇಕ ಸಾರಿ ಪ್ರಸಂಗಿಸಿದ್ದೇವೆ. ಆದರೆ ಸತ್ತವನು ದೇವಭಕ್ತನಾಗಿದ್ದೂ ಸಾಲಗಾರನಾಗಿದ್ದನೆಂಬ ಸಂಗತಿಯ ಬಳಿ ನಿಲ್ಲುವುದು ಅಪರೂಪ. ಆರನೆಯ ಅಧ್ಯಾಯದಲ್ಲಿ ಅದೇ ಮಂಡಲಿಯ ಇನ್ನೊಬ್ಬನು ನೀರಿಗೆ ಬಿದ್ದ ಕೊಡಲಿಗಾಗಿ ಗೋಳಾಡುತ್ತಾನೆ, ಅದು ಎರವಿನದಾಗಿತ್ತು. ದೇವರ ವಾಕ್ಯವನ್ನು ಕಲಿಯುವವರ ಬಡತನವು ಇಂದಿನದಲ್ಲ.

ಸಭಾಪ್ರಾಂತವು ಆರಿಸಿ ಕಳುಹಿಸಿದ ಅಭ್ಯರ್ಥಿಯ ಶುಲ್ಕವನ್ನು ಸಾಮಾನ್ಯವಾಗಿ ಸಭಾಪ್ರಾಂತವೇ ಭರಿಸುತ್ತದೆ. ಸ್ವಂತ ಹೊಣೆಯ ಮೇಲೆ ಬರುವವರಿಗೆ ಆ ಆಸರೆಯಿಲ್ಲ. ಪದವಿ ಮುಗಿಸಿ ಗಳಿಸಬೇಕಾದ ವಯಸ್ಸಿನಲ್ಲಿ ಮಗನೋ ಮಗಳೋ ಮತ್ತೆ ಕೆಲವು ವರ್ಷ ಓದಲು ಹೊರಟಾಗ, ಮನೆಯವರು ಶುಲ್ಕವನ್ನು ಮಾತ್ರವಲ್ಲ, ಬರಬೇಕಾಗಿದ್ದ ಸಂಬಳವನ್ನೂ ಬಿಟ್ಟುಕೊಡುತ್ತಾರೆ. ಇದೇ ವಿದ್ಯಾರ್ಥಿಗಳು ಭಾನುವಾರಗಳಲ್ಲಿ ಸಭೆಗಳಿಗೆ ಹೋಗಿ ಭಾನುವಾರ ಶಾಲೆ ನಡೆಸುತ್ತಾರೆ, ಯೌವನಸ್ಥರ ಕೂಟ ಕೂಡಿಸುತ್ತಾರೆ, ರೋಗಿಗಳ ಮನೆಗಳನ್ನು ಸಂದರ್ಶಿಸುತ್ತಾರೆ. ಅನೇಕ ಕಡೆ ಅವರ ಕೈಗೆ ಸಿಗುವುದು ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಊಟ. ಈ ಸೇವೆಗೆ ನಿಗದಿತ ವೇತನ ದೊರೆತರೆ ಶುಲ್ಕದ ಒಂದು ಭಾಗವಾದರೂ ತೀರೀತು. ಇದರಿಂದ ಸೇವೆಯ ಪಾವಿತ್ರ್ಯಕ್ಕೆ ಕುಂದುಂಟೇ ಎಂಬುದು ವಿಚಾರಣೀಯ.

ಸಭೆಯ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಆಗಸ್ಟ್ ಹೆರ್ಮಾನ್ ಫ್ರಾಂಕೆಯು ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿಯೂ ಪಕ್ಕದ ಗ್ಲೌಖಾ ಎಂಬ ಬಡ ಊರಿನಲ್ಲಿ ಸಭಾಪಾಲಕನಾಗಿಯೂ ಇದ್ದನು. 1695ರಲ್ಲಿ ಅವನ ಕಾಣಿಕೆಯ ಪೆಟ್ಟಿಗೆಗೆ 4 ಟಾಲರ್ 16 ಗ್ರೋಶನ್ ಬಂದು ಬಿದ್ದಿತು. ಆ ಹಣದಿಂದ ಪುಸ್ತಕ ಕೊಂಡು, ಬಡ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಪಾಠ ಹೇಳಲು ಒಬ್ಬ ಬಡ ವಿದ್ಯಾರ್ಥಿಯನ್ನು ವಾರಕ್ಕೆ 6 ಗ್ರೋಶನ್ ಸಂಬಳಕ್ಕೆ ನೇಮಿಸಿದನು. (ಪುಸ್ತಕ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಅವುಗಳೊಡನೆ ಮಾಯವಾದರು, ಫ್ರಾಂಕೆ ಮತ್ತೆ ಕೊಂಡನು.) ಮರುವರ್ಷ ಬಡ ವಿದ್ಯಾರ್ಥಿಗಳಿಗೆ ಉಚಿತ ಭೋಜನದ ಏರ್ಪಾಡಾಯಿತು. ಕ್ರಮೇಣ ಆ ಪಂಕ್ತಿಯಲ್ಲಿ ಉಂಡವರು ಫ್ರಾಂಕೆಯ ಶಾಲೆಗಳಲ್ಲಿ ಪಾಠ ಹೇಳುವುದು ರೂಢಿಯಾಯಿತು. ಅವರ ಬೋಧನೆಯನ್ನು ನೋಡಿಕೊಂಡು ತಿದ್ದುವ ಮೇಲ್ವಿಚಾರಕರಿದ್ದರು. ಹೀಗೆ ಅನಾಥ ಮಗುವಿಗೆ ಗುರು ಸಿಕ್ಕಿದನು, ವಿದ್ಯಾರ್ಥಿಗೆ ಅನ್ನ ಸಿಕ್ಕಿತು, ಸಭೆಗೆ ಕೆಲಸ ಬಲ್ಲ ಸೇವಕರು ಸಿಕ್ಕಿದರು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಚೀಗನ್‌ಬಾಲ್ಗನು ಅಲ್ಪಕಾಲ ಓದಿದ್ದು ಈ ಹಾಲೆಯಲ್ಲಿಯೇ. ಅವನು ಇಲ್ಲಿ ಬೇಗನೆ ಶಾಲೆ ತೆರೆದದ್ದು ಆಶ್ಚರ್ಯವಲ್ಲ.

ಗುಡಾರ ಮಾಡುವ ಕಸಬಿನಿಂದ ಪೌಲನು ಜೀವಿಸಿದನಲ್ಲವೇ, ನಮ್ಮ ವಿದ್ಯಾರ್ಥಿಯೂ ಉಚಿತವಾಗಿ ಸೇವೆ ಮಾಡಲಿ ಎಂದು ಕೆಲವರು ವಾದಿಸುತ್ತಾರೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯವನ್ನು ಪೂರ್ಣವಾಗಿ ಓದಿದರೆ ಈ ವಾದ ನಿಲ್ಲುವುದಿಲ್ಲ. ಸುವಾರ್ತೆ ಸಾರುವವನಿಗೆ ಅದರಿಂದಲೇ ಜೀವನವಾಗಬೇಕೆಂಬುದನ್ನು ಪೌಲನು ಅಲ್ಲಿ ಸೈನಿಕ, ದ್ರಾಕ್ಷೇತೋಟದವನು, ಕುರುಬ, ತುಳಿಯುವ ಎತ್ತು, ದೇವಾಲಯದ ಯಾಜಕ ಎಂದು ಒಂದರ ಮೇಲೊಂದು ಉದಾಹರಣೆ ಕೊಟ್ಟು ಸ್ಥಾಪಿಸುತ್ತಾನೆ. ಆಮೇಲೆಯೇ ತಾನು ಆ ಹಕ್ಕನ್ನು ಉಪಯೋಗಿಸಿಲ್ಲವೆನ್ನುತ್ತಾನೆ. ಹಕ್ಕನ್ನು ತ್ಯಜಿಸುವ ಸ್ವಾತಂತ್ರ್ಯ ಹಕ್ಕುಳ್ಳವನದು. ವಿದ್ಯಾರ್ಥಿಯ ಪರವಾಗಿ ಸಭಾಪರಿಪಾಲನಾ ಸಮಿತಿಯು ಅದನ್ನು ತ್ಯಜಿಸಿದರೆ ಅದು ತ್ಯಾಗವಲ್ಲ, ಉಳಿತಾಯ. ಇದೇ ಪೌಲನು ಬೇರೆ ಸಭೆಗಳಿಂದ ಸಹಾಯಹಣ ಪಡೆದದ್ದನ್ನು ಎರಡನೆಯ ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ.

ಆದರೂ ವೇತನವು ತನ್ನದೇ ಅಪಾಯವನ್ನು ತರುತ್ತದೆ. ಹಣ ಕೊಡುವವರ ಮುಖ ನೋಡಿ ಪ್ರಸಂಗ ಸಿದ್ಧಪಡಿಸುವ ಅಭ್ಯಾಸವು ಎರಡನೆಯ ವರ್ಷದಲ್ಲಿಯೇ ಅಂಟಿಕೊಂಡರೆ ದೀಕ್ಷೆಯ ದಿನ ಅದು ಬಿಟ್ಟುಹೋಗುವುದಿಲ್ಲ. ವೇತನ ಕೊಡುವ ಸಭಾಪಾಲಕರೇ ಸೆಮಿನರಿಗೆ ವರದಿ ಬರೆಯುವವರೂ ಆದಾಗ ವಿದ್ಯಾರ್ಥಿಯು ಬಾಯಿ ತೆರೆಯಲಾರನು. ವಾರದ ನಡುವೆ ಸಮಿತಿಯ ಪತ್ರಗಳನ್ನು ಬೆರಳಚ್ಚು ಮಾಡಿಸಿದರೂ, ಸಭಾಪಾಲಕರ ಮಕ್ಕಳಿಗೆ ಮನೆಪಾಠ ಹೇಳಿಸಿದರೂ ಅದನ್ನು ಸೇವೆಯೆಂದೇ ಎಣಿಸಬೇಕಾಗುತ್ತದೆ. ಆದಕಾರಣ ಕೆಲಸ ಯಾವುದು, ವಾರಕ್ಕೆ ಎಷ್ಟು ಗಂಟೆ, ವೇತನವೆಷ್ಟು ಎಂಬುದು ಸೇವೆ ಆರಂಭಿಸುವ ಮೊದಲೇ ಬರಹದಲ್ಲಿರಬೇಕು. ಹಣವು ಸಭೆಯ ಲೆಕ್ಕದಿಂದ ಸೆಮಿನರಿಯ ಮೂಲಕ ವಿದ್ಯಾರ್ಥಿಯ ಖಾತೆಗೆ ಸೇರಬೇಕು. ಕವರಿನಲ್ಲಿ ಕೊಡುವ ಪದ್ಧತಿಯು ವೇತನವನ್ನು ದಾನವನ್ನಾಗಿ ಮಾಡುತ್ತದೆ. ಪರೀಕ್ಷೆಯ ವಾರಗಳಲ್ಲಿ ಬಿಡುವಿರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ದೂರು ಹೇಳಿಕೊಳ್ಳಲು ಆ ಸಭೆಗೆ ಸಂಬಂಧವಿಲ್ಲದ ಒಬ್ಬ ಅಧ್ಯಾಪಕರು ಇರಬೇಕು. ಸಹೋದರಿಯರನ್ನು ಮಕ್ಕಳ ವಿಭಾಗಕ್ಕೆ ಮಾತ್ರ ಕಳುಹಿಸಿ ಕಡಿಮೆ ವೇತನ ನಿಗದಿಪಡಿಸುವ ಪ್ರಲೋಭನೆಯನ್ನೂ ಆ ಬರಹವೇ ತಡೆಯಬಲ್ಲದು.

ಹಣ ಎಲ್ಲಿಂದ? ನಗರದ ದೊಡ್ಡ ಸಭೆಗೆ ಇದು ಭಾರವಲ್ಲ. ಹಬ್ಬದ ಅಲಂಕಾರದ ಲೆಕ್ಕವನ್ನು ಒಮ್ಮೆ ತೆರೆದು ನೋಡಿದರೆ ಸಾಕು. ಮೂವತ್ತು ಕುಟುಂಬಗಳ ಗ್ರಾಮಸಭೆಗೆ ಅದು ಅಸಾಧ್ಯ, ಆದರೆ ವಿದ್ಯಾರ್ಥಿಯ ಅಗತ್ಯವೂ ವಿದ್ಯಾರ್ಥಿ ಕಲಿಯಬಹುದಾದದ್ದೂ ಅಲ್ಲಿಯೇ ಹೆಚ್ಚು. ವೇತನ ಕೊಡಬಲ್ಲ ಪ್ರತಿಯೊಂದು ಸಭೆಯು ತನ್ನ ವಿದ್ಯಾರ್ಥಿಯ ಜೊತೆಗೆ ಒಂದು ಗ್ರಾಮಸಭೆಯ ವಿದ್ಯಾರ್ಥಿಯ ವೇತನವನ್ನೂ ಸಭಾಪ್ರಾಂತದ ನಿಧಿಗೆ ಕಟ್ಟುವುದು ಒಂದು ಮಾರ್ಗ. ಯಾರ ಹಣ ಯಾರಿಗೆ ಹೋಯಿತೆಂಬುದನ್ನು ಸಭೆಗೂ ವಿದ್ಯಾರ್ಥಿಗೂ ತಿಳಿಸಬೇಕಾಗಿಲ್ಲ.